‘ಕರೆಂಟ್ ಕೊಡುವುದು’: ಯಾವ ಚಿಕಿತ್ಸೆಗೆ?

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಒಂದು ಪ್ರಶ್ನೆ.

ನನ್ನ ಸೋದರಮಾವನ ಲಿವರಿನಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆ ಸಿಕ್ಕಿದೆ. ಕ್ಯಾನ್ಸರೇ, ಆದರೆ ಆರಂಭದ ಹಂತ. ಡಾಕ್ಟರು ಮೂರು ನಾಲ್ಕು ದಾರಿ ಹೇಳಿ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದಿದ್ದಾರೆ. ಅದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು ಅಂತ ಅತ್ತೆ ಹೇಳಿದರು. ಬರೆಯಲು ಕೂತ ಮೇಲೆ ಒಂದೊಂದು ಪದಕ್ಕೂ ತಡವರಿಸಿದೆ. ಲಿವರನ್ನು ಲಿವರ್ ಅಂತಲೇ ಬಿಟ್ಟೆ. ಯಕೃತ್ತು ಅಂದರೆ ಅತ್ತೆಗೆ ತಿಳಿಯದು. ಪಿತ್ತಕೋಶ ಅಂದರೆ ಕೆಲವರಿಗೆ ಲಿವರ್, ಕೆಲವರಿಗೆ ಗಾಲ್‌ಬ್ಲಾಡರ್.

ದೊಡ್ಡ ತೊಡಕು ‘ಕರೆಂಟ್’. ರೇಡಿಯೋಥೆರಪಿಗೆ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅತ್ತೆ ಕೇಳಿದ್ದು ಹೀಗೆ: “ಹೌದಾ ಮಾಣಿ, ಈ ಮಳೆಗೆ ಕರೆಂಟ್ ಹೋದ್ರೆ ಅರ್ಧಕ್ಕೇ ನಿಲ್ಲಿಸ್ತಾರಾ?” ನಕ್ಕುಬಿಟ್ಟೆ. ಆದರೆ ಆ ಪದ ಕೇಳಿದವರು ಇನ್ನೇನು ಕೇಳಬೇಕು? ಮೆಷಿನಿಗೆ ಕರೆಂಟ್ ಬೇಕು, ಸರಿ. ಮೈಯೊಳಗೆ ಹೋಗುವುದು ಮಾತ್ರ ಎಕ್ಸ್-ರೇ. ಮುರಿದ ಕೈಯ ಫೋಟೊ ತೆಗೆಯುವ ಎಕ್ಸ್-ರೇಯ ಜಾತಿಯದೇ, ಶಕ್ತಿ ಬಹಳ ಜಾಸ್ತಿ. ಹಲವು ದಿಕ್ಕಿನಿಂದ ಬಂದು ಗಡ್ಡೆಯ ಮೇಲೆ ಕೂಡುವ ಹಾಗೆ ಬಿಡುತ್ತಾರೆ. ಈಗಿನ ಎಸ್‌ಬಿಆರ್‌ಟಿ ವಿಧಾನದಲ್ಲಿ, ಅಂದರೆ ಗಡ್ಡೆಗೆ ಕರಾರುವಾಕ್ಕಾಗಿ ಗುರಿಯಿಟ್ಟು ಪ್ರತಿ ಸಲವೂ ಜಾಸ್ತಿ ಪ್ರಮಾಣ ಬಿಡುವ ವಿಧಾನದಲ್ಲಿ, ಸಾಮಾನ್ಯವಾಗಿ ಮೂರರಿಂದ ಐದು ಸಲ. ಆಗ ಮೈಗೆ ಏನೂ ಗೊತ್ತಾಗುವುದಿಲ್ಲ. ಪೇಪರಿನವರ ‘ವಿಕಿರಣ’ ಬರೆಯೋಣ ಅಂದರೆ ನಮ್ಮ ಕರಾವಳಿಯಲ್ಲಿ ಅದು ಕೈಗಾ ಅಣುಸ್ಥಾವರದ ನೆನಪು ತರುತ್ತದೆ. ನಾನು ‘ಕಿರಣ ಬಿಡುವುದು’ ಎಂದು ಬರೆದೆ.

ತಮಾಷೆ ನೋಡಿ, ನಿಜವಾಗಿ ಮೈಯೊಳಗೆ ಕರೆಂಟ್ ಹೋಗುವ ಚಿಕಿತ್ಸೆ ಬೇರೆಯೇ ಇದೆ. ಅದು ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್, ಆರ್‌ಎಫ್‌ಎ. ಸ್ಕ್ಯಾನ್ ನೋಡಿಕೊಂಡು ಗಡ್ಡೆಗೆ ಸೂಜಿ ಇಳಿಸುತ್ತಾರೆ. ತೊಡೆಗೆ ಪ್ಯಾಡ್ ಅಂಟಿಸುತ್ತಾರೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟ್ ಹರಿಸಿದಾಗ ಸೂಜಿಯ ಸುತ್ತ ಬಿಸಿ ಏರಿ ಗಡ್ಡೆ ಸಾಯುತ್ತದೆ. ಇದಕ್ಕೆ ‘ಕರೆಂಟ್’ ಅಂದವರನ್ನು ನಾನು ಕಂಡಿಲ್ಲ, ‘ಸುಡುವುದು’ ಅನ್ನುತ್ತಾರೆ! ಹೆಸರಲ್ಲಿ ‘ರೇಡಿಯೋ’ ಇದೆ ಅಂತ ನಮ್ಮ ಮನೆಯಲ್ಲೇ ಇಬ್ಬರು ಇದನ್ನೂ ರೇಡಿಯೇಶನ್ ಅಂದುಕೊಂಡಿದ್ದರು. ಎರಡು ‘ರೇಡಿಯೋ’ಗಳ ಮೂಲವೂ ಲ್ಯಾಟಿನಿನ ‘ರೇಡಿಯಸ್’, ಅಂದರೆ ಚಕ್ರದ ಕಡ್ಡಿ, ಕಿರಣ. ಒಂದು ಕವಲು ಎಕ್ಸ್-ರೇ ಕಡೆ ಹೋಯಿತು, ಇನ್ನೊಂದು ಆಕಾಶವಾಣಿ ಕಡೆ.

‘ಸುಡುವುದು’ ಕೂಡ ಸಲೀಸಲ್ಲ. ಕಾಮಾಲೆಗೆ ಕೈಗೆ ಬರೆ ಹಾಕಿಸಿಕೊಂಡವರನ್ನು ಕಂಡವರು ಅತ್ತೆ. ಲಿವರಿನ ಕಾಯಿಲೆಗೆ ಸುಡುತ್ತಾರೆ ಅಂದೊಡನೆ ಕಾದ ಕಬ್ಬಿಣ ಕಣ್ಣಮುಂದೆ ಬಂತು ಅವರಿಗೆ. ಹಾಗಾಗಿ ‘ಬೇಯಿಸುವುದು’ ಎಂದು ಬರೆದೆ. ಅಡುಗೆಮನೆಯ ಪದ, ಡಾಕ್ಟರು ನಗಬಹುದು. ಆದರೆ ಅರ್ಥಕ್ಕೆ ಇದೇ ಹತ್ತಿರ. ಸೂಜಿಯ ಸುತ್ತ ಸೀದುಹೋದರೆ ಕರೆಂಟ್ ಮುಂದಕ್ಕೆ ಸರಿಯಾಗಿ ಹರಿಯುವುದೇ ಇಲ್ಲ. ದೊಡ್ಡ ರಕ್ತನಾಳದ ಪಕ್ಕ ಗಡ್ಡೆಯಿದ್ದರೆ ಹರಿಯುವ ರಕ್ತ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಆ ಮಗ್ಗುಲು ಬೇಯದೆ ಉಳಿಯಬಹುದು. ಇದನ್ನು ಅತ್ತೆಗೆ ಎರಡು ಸಲ ಹೇಳಬೇಕಾಗಲಿಲ್ಲ. ಅಂಥ ಕಡೆ ಕಿರಣ ಅನುಕೂಲ. ಕಿರಣಕ್ಕೆ ಅದರದ್ದೇ ಕಷ್ಟ: ಉಸಿರಿನ ಜೊತೆ ಲಿವರ್ ಮೇಲೆ ಕೆಳಗೆ ಸರಿಯುತ್ತದೆ, ಪಕ್ಕದ ಕರುಳಿಗೆ ಜಾಸ್ತಿ ತಾಗಬಾರದು.

‘ಕೊಯ್ದು ತೆಗೆಯುವುದು’, ‘ಲಿವರ್ ಬದಲಿಸುವುದು’ ಯಾರಿಗೂ ಅರ್ಥವಾಗುತ್ತವೆ. ಮೊದಲನೆಯದಕ್ಕೆ ಉಳಿಯುವ ಲಿವರ್ ಗಟ್ಟಿಯಿರಬೇಕು, ಎರಡನೆಯದಕ್ಕೆ ದಾನಿ ಬೇಕು.

ಈಗ ನಾನು ಸಿಕ್ಕಿಬಿದ್ದ ಜಾಗ. ಕೊರಿಯಾದಲ್ಲಿ ಲಿವರ್ ಕ್ಯಾನ್ಸರ್ ಮರುಕಳಿಸಿದ 144 ಮಂದಿಯಲ್ಲಿ ಪ್ರೋಟಾನ್ ಕಿರಣವನ್ನೂ (ಎಕ್ಸ್-ರೇ ಬದಲು ಪ್ರೋಟಾನ್ ಎಂಬ ಕಣಗಳನ್ನು ಬಿಡುವ ಬಗೆ) ಆರ್‌ಎಫ್‌ಎಯನ್ನೂ ಹೋಲಿಸಿ ನೋಡಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಗಡ್ಡೆಗಳು 3 ಸೆಂಟಿಮೀಟರಿನೊಳಗಿನವು. ಕಿರಣ ‘ನಾನ್-ಇನ್‌ಫೀರಿಯರ್’ ಎಂದು ತೀರ್ಮಾನ. ಅಂದರೆ, ಮೊದಲೇ ಗೊತ್ತುಮಾಡಿಕೊಂಡ ಅಂತರಕ್ಕಿಂತ ಹೆಚ್ಚು ಹಿಂದೆ ಬಿದ್ದಿಲ್ಲ, ಅಷ್ಟೇ. ಮಾವನದ್ದು ಮರುಕಳಿಸಿದ್ದಲ್ಲ, ಹೇಳುತ್ತಿರುವುದು ಪ್ರೋಟಾನೂ ಅಲ್ಲ. ಆದರೂ ಡಾಕ್ಟರು ಆ ಪದ ಬಳಸಿದ್ದರಿಂದ ಬರೆಯಲೇಬೇಕು.

‘ಕಮ್ಮಿಯೇನಲ್ಲ’ ಅನ್ನೋಣವೆಂದರೆ ಕನ್ನಡದಲ್ಲಿ ಅದು ಹೊಗಳಿಕೆ. “ಅವಳೇನು ಕಮ್ಮಿ ಅಲ್ಲ” ಅಂದರೆ ಒಂದು ಕೈ ಮೇಲೇ ಅಂತ, ಅಲ್ವಾ? ಅತ್ತೆ ಓದಿದರೆ ಕಿರಣವೇ ಒಳ್ಳೆಯದಂತೆ ಎಂದು ತಿಳಿದಾರು. ‘ಸಮಾನ’ ಅಂದರೆ ಇನ್ನೂ ತಪ್ಪು. ಸದ್ಯಕ್ಕೆ ‘ಹೆಚ್ಚು ಹಿಂದೆ ಬಿದ್ದಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಬುಧವಾರ ಆಸ್ಪತ್ರೆಗೆ ಹೋಗುವುದಿದೆ. ಅಷ್ಟರೊಳಗೆ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ತಿಳಿಸಿ. ‘ಕರೆಂಟ್’ಗೆ ನಿಮ್ಮ ಊರಿನಲ್ಲಿ ಬೇರೆ ಮಾತಿದ್ದರೆ ಅದನ್ನೂ.