'ಲೇಟೆಕ್ಸ್ ಅಲರ್ಜಿ'ಗೆ ಹಾಲೂ ಕೂರುತ್ತಿಲ್ಲ, ಸೊನೆಯೂ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ರೋಗಿಗಳಿಗೆ ಕೊಡುವ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ವಿಷಯ ಲೇಟೆಕ್ಸ್ ಅಲರ್ಜಿ. ಲೇಟೆಕ್ಸ್‌ಗೆ ಸರಿಯಾದ ಕನ್ನಡದ ಮಾತು ಸಿಗದೆ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಲೇಟೆಕ್ಸ್ ಅಂದರೆ ರಬ್ಬರ್ ಮರದ ತೊಗಟೆ ಗೀರಿದಾಗ ಒಸರುವ ಬಿಳಿ ರಸ. ಎಕ್ಕದ ಹಾಲು, ಕಳ್ಳಿ ಹಾಲು ಇದ್ದ ಹಾಗೆ ಇದು ರಬ್ಬರ್ ಹಾಲು. ಹಾಗಾಗಿ ಧೈರ್ಯವಾಗಿ 'ರಬ್ಬರ್ ಹಾಲಿನ ಅಲರ್ಜಿ' ಎಂದು ಬರೆದೆ. ಕರಡು ಓದಿದ ಅಕ್ಕ ಕೇಳಿದ್ದು: "ಹಾಗಾದ್ರೆ ಹಾಲು ಕುಡಿಯೋದು ಬಿಡ್ಬೇಕಾ?" ಹಾಲಿನ ಅಲರ್ಜಿ ಅಂತ ಬೇರೆಯೇ ಒಂದಿದೆಯಲ್ಲ, ಅವಳದೇನೂ ತಪ್ಪಿಲ್ಲ.

ಸುಮ್ನೆ 'ರಬ್ಬರ್ ಅಲರ್ಜಿ' ಅಂದುಬಿಡೋಣವೆಂದರೆ ಅದೂ ತಪ್ಪು. ತೊಂದರೆ ಕೊಡುವುದು ಮರದ ಹಾಲಿನಲ್ಲಿರುವ ಪ್ರೋಟೀನು. ನೈಟ್ರೈಲ್ ಕೈಗವಸೂ ರಬ್ಬರೇ, ಆದರೆ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅದರಲ್ಲಿ ಈ ಪ್ರೋಟೀನಿಲ್ಲ. ಇಂಥವರಿಗೆ ವೈದ್ಯರು ಹೇಳುವುದೇ ಆ ಕೈಗವಸನ್ನು. (ಲೇಟೆಕ್ಸ್ ಪೇಂಟ್ ಎಂಬ ಹೆಸರಂತೂ ಇನ್ನೂ ಮೋಸ. ಅದರಲ್ಲಿ ರಬ್ಬರ್ ಮರದ ಹಾಲೇ ಇರುವುದಿಲ್ಲ.)

'ಸೊನೆ' ನನಗೆ ತುಂಬ ಹಿಡಿಸಿತ್ತು. ಆದರೆ ಮಾವಿನ ಸೊನೆ ಅಂದ ಕೂಡಲೇ ಮನಸ್ಸಿಗೆ ಬರುವುದು ತಾಗಿದ ಜಾಗದ ಉರಿ, ಹುಣ್ಣು. ಲೇಟೆಕ್ಸ್ ಅಷ್ಟಕ್ಕೇ ನಿಲ್ಲುವುದಿಲ್ಲ. ಮೈಯೆಲ್ಲ ಗಂಧೆ ಏಳಬಹುದು, ಉಬ್ಬಸ ಬರಬಹುದು, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ಮುಟ್ಟಲೇಬೇಕೆಂದೂ ಇಲ್ಲ. ಪುಡಿ ಹಾಕಿದ ಲೇಟೆಕ್ಸ್ ಕೈಗವಸು ಕಳಚಿದಾಗ ಆ ಪುಡಿ ಪ್ರೋಟೀನನ್ನು ಹೊತ್ತುಕೊಂಡು ಗಾಳಿಗೆ ಹಾರುತ್ತದೆ. ಪಕ್ಕದಲ್ಲಿ ನಿಂತವರಿಗೆ ಸೀನು ಶುರುವಾಗುತ್ತದೆ. ಅಮೆರಿಕದಲ್ಲಿ ಪುಡಿ ಹಾಕಿದ ವೈದ್ಯಕೀಯ ಕೈಗವಸನ್ನು 2017ರಿಂದ ನಿಷೇಧಿಸಿದ್ದಾರೆ.

ಇನ್ನೊಂದು ತೊಡಕು ನಮ್ಮ 'ಆಗಲ್ಲ'. "ನಂಗೆ ಗ್ಲೌಸ್ ಆಗಲ್ಲ" ಅನ್ನುವವರಲ್ಲಿ ಮೂರು ಥರ. ಬೆವರು, ಸೋಪಿನಿಂದ ಕೈ ಒಣಗಿ ಬಿರುಕು ಬಿಟ್ಟವರು. ಅದು ಅಲರ್ಜಿಯೇ ಅಲ್ಲ. ರಬ್ಬರ್ ತಯಾರಿಕೆಯಲ್ಲಿ ಬೆರೆಸಿದ ರಾಸಾಯನಿಕ ತಾಗಿ, ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ ಏಳುವವರು. ಕೊನೆಗೆ, ಪ್ರೋಟೀನು ತಾಗಿದ ಕೆಲವೇ ನಿಮಿಷಕ್ಕೆ ಗಂಧೆ ಏಳುವವರು. ಆಪರೇಷನ್ನಿಗೆ ಮುಂಚೆ ಬಾಯಿಬಿಟ್ಟು ಹೇಳದಿದ್ದರೆ ಅಪಾಯ ಇವರಿಗೇ ಜಾಸ್ತಿ. ಬಾಯಿಮಾತಿನಲ್ಲಿ ಮಾತ್ರ ಮೂರಕ್ಕೂ ಒಂದೇ 'ಆಗಲ್ಲ'.

ಸದ್ಯಕ್ಕೆ 'ಲೇಟೆಕ್ಸ್ ಅಲರ್ಜಿ' ಎಂದೇ ಉಳಿಸಿಕೊಂಡು, ಕೆಳಗಿನ ಸಾಲಿನಲ್ಲಿ ರಬ್ಬರ್ ಮರದ ಹಾಲಿನ ವಿಷಯ ಬಿಡಿಸಿ ಬರೆದಿದ್ದೇನೆ. ಉಳಿದ ಪ್ರಶ್ನೆ ಇದು: ಎರಡು ದಿನ ಬಿಟ್ಟು ಏಳುವ ತುರಿಕೆಗೂ ತಕ್ಷಣ ಏಳುವ ಗಂಧೆಗೂ ನಿಮ್ಮ ಕಡೆ ಬೇರೆ ಬೇರೆ ಮಾತಿದೆಯಾ? 'ನಂಜು' ಅಂತ ಮಾತ್ರ ಹೇಳಬೇಡಿ. ಗಾಯ ಕೀವಾಗಿದೆ ಅಂದುಕೊಳ್ಳುತ್ತಾರೆ, ಅಲ್ವಾ?