ಟೈಟಾನಿಕ್: ರಾಕೆಟ್ ಕಂಡರೂ ಹೊರಡದ ಹಡಗಿನ ಕ್ಯಾಪ್ಟನ್‌ದು ಎಷ್ಟು ತಪ್ಪು?

ಬಂದರು_ಹುಡುಗ: ಬದುಕಿದ ಸುಮಾರು 700 ಜನರನ್ನು ಎತ್ತಿಕೊಂಡ ಕಾರ್ಪೇಥಿಯಾ ಹಡಗಿನ ಕ್ಯಾಪ್ಟನ್ ರಾಸ್ಟ್ರನ್‌ನನ್ನು ಎಲ್ಲರೂ ಹೊಗಳುತ್ತಾರೆ. ಕ್ಯಾಲಿಫೋರ್ನಿಯನ್ ಹಡಗಿನ ಸ್ಟ್ಯಾನ್ಲಿ ಲಾರ್ಡ್‌ಗೆ ಮಾತ್ರ ಬೈಗುಳ. 1912ರ ಏಪ್ರಿಲ್ 14ರ ರಾತ್ರಿ ಅವನ ಹಡಗು ಮಂಜುಗಡ್ಡೆ ನಡುವೆ ನಿಂತಿತ್ತು. ಮುಳುಗುತ್ತಿದ್ದ ಟೈಟಾನಿಕ್ ಸಹಾಯಕ್ಕಾಗಿ ಹಾರಿಸಿದ ಎಂಟು ಬಿಳಿ ರಾಕೆಟ್ ಅಲ್ಲಿಂದ ಕಂಡವು, ಯಾರೂ ಹೊರಡಲಿಲ್ಲ. ತಪ್ಪೇ, ಒಪ್ಪಿದೆ. ಆದರೆ 1,500 ಜನರ ಸಾವನ್ನು ಒಬ್ಬನ ತಲೆಗೆ ಕಟ್ಟಿದ್ದು ಸರಿಯಾ?

ಸುಮತಿ_ಟೀಚರ್: ಸರಿಯಾಗೇ ಕಟ್ಟಿದ್ದಾರೆ. ನಡುರಾತ್ರಿ ಸಮುದ್ರದಲ್ಲಿ ಯಾರಾದರೂ ಸುಮ್ನೆ ರಾಕೆಟ್ ಹಾರಿಸುತ್ತಾರಾ? ಕಾವಲಿನಲ್ಲಿದ್ದ ಸ್ಟೋನ್ ಮತ್ತು ಗಿಬ್ಸನ್ ತಮ್ಮತಮ್ಮಲ್ಲೇ ಇದೇ ಮಾತಾಡಿಕೊಂಡಿದ್ದರು. ಕ್ಯಾಪ್ಟನ್‌ಗೆ ಮಾತಾಡುವ ಕೊಳವೆಯಲ್ಲಿ ಕೂಗಿ ಹೇಳಿದರು. ಅವನು ದೀಪದಲ್ಲಿ ಮೋರ್ಸ್ ಸಂಕೇತ ಕೊಡುತ್ತಿರಿ ಎಂದು ಮಲಗಿದಲ್ಲೇ ಉಳಿದ. ವೈರ್‌ಲೆಸ್ ಹುಡುಗನನ್ನು ಎಬ್ಬಿಸಿದ್ದರೆ ಐದು ನಿಮಿಷದ ಕೆಲಸ.

ಎಂಜಿನ್_ರೂಮ್: ಮೇಡಂ, ನಾನು 22 ವರ್ಷ ಹಡಗಿನಲ್ಲಿ ದುಡಿದವನು. ಆ ಹುಡುಗ ಇವಾನ್ಸ್‌ದೂ ಕೇಳಿ. ಹಡಗಿಗೆ ಅವನೊಬ್ಬನೇ ಆಪರೇಟರ್. "ನಾವು ಮಂಜುಗಡ್ಡೆ ನಡುವೆ ನಿಂತಿದ್ದೇವೆ" ಎಂದು ಟೈಟಾನಿಕ್‌ಗೆ ಹೇಳಲು ಹೋದರೆ, ಆ ಕಡೆಯ ಫಿಲಿಪ್ಸ್ "ಬಾಯಿ ಮುಚ್ಚು, ಕೆಲಸದಲ್ಲಿದ್ದೇನೆ" ಎಂದು ಬೈದ. ಪಾಪ, 11:30ರ ಹೊತ್ತಿಗೆ ಯಂತ್ರ ಬಂದ್ ಮಾಡಿ ಮಲಗಿದ. ಹತ್ತು ನಿಮಿಷಕ್ಕೆ ಟೈಟಾನಿಕ್ ಗುದ್ದಿತು. ಕಾರ್ಪೇಥಿಯಾದ ಆಪರೇಟರ್ ಕಾಟಮ್ ಕೂಡ ಮಲಗಲು ಹೊರಟಿದ್ದ. ಅವನಿಗೆ ಕರೆ ಕೇಳಿಸಿದ್ದೇ ಅದೃಷ್ಟ. ದಿನವಿಡೀ ಕಿವಿ ತೆರೆದಿರಬೇಕು ಎಂಬ ನಿಯಮವೇ ಆಗ ಇರಲಿಲ್ಲ.

ಕೋರ್ಟುಕಟ್ಟೆ: ಲಂಡನ್ನಿನ ವಿಚಾರಣೆ ನೋಡಿ, ಆಮೇಲೆ ಮಾತಾಡಿ. ಅದನ್ನು ನಡೆಸಿದ್ದು ಬೋರ್ಡ್ ಆಫ್ ಟ್ರೇಡ್ ಪರವಾಗಿ, ಅಂದರೆ ಹಡಗುಗಳ ನಿಯಮ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರಿ ಇಲಾಖೆಯ ಪರವಾಗಿ. 10,000 ಟನ್ ಮೀರಿದ ಹಡಗಿಗೆ 16 ದೋಣಿ ಸಾಕು ಎಂಬ ಹಳೇ ನಿಯಮ ಯಾರದ್ದು? ಅದೇ ಬೋರ್ಡಿನದ್ದು! ಟೈಟಾನಿಕ್‌ನಲ್ಲಿ 20 ದೋಣಿ, 1,178 ಜನರಿಗೆ ಜಾಗ. ಹಡಗಿನಲ್ಲಿದ್ದವರು 2,200ಕ್ಕೂ ಜಾಸ್ತಿ. ಕಳ್ಳನೇ ಪಂಚಾಯ್ತಿಗೆ ಕೂತ ಹಾಗೆ. ಲಾರ್ಡ್ ಬಂದಿದ್ದು ಸಾಕ್ಷಿಯಾಗಿ. ಅವನ ಹೇಳಿಕೆ ಮುಗಿದ ಮೇಲೆ ವಿಚಾರಣೆಯ ಪ್ರಶ್ನಾಪಟ್ಟಿಗೆ ಅವನ ಹಡಗಿನ ವಿಷಯ ಸೇರಿಸಿದರು. ವಾದಿಸಲು ಅವಕಾಶ ಎಲ್ಲಿ ಕೊಟ್ಟರು?

ಚಹಾ_ಬಿಸ್ಕತ್ತು: ಅಮೆರಿಕದಲ್ಲಿ ವಿಚಾರಣೆ ನಡೆಸಿದ ಸೆನೆಟರ್ ಸ್ಮಿತ್‌ಗಿಂತ ವಾಸಿ ಬಿಡಿ. ಹಿಮಗುಡ್ಡ ಯಾವುದರಿಂದ ಆಗಿರುತ್ತದೆ ಅಂತ ಕೇಳಿದ ಪುಣ್ಯಾತ್ಮ. "ಮಂಜುಗಡ್ಡೆಯಿಂದ ಇರಬೇಕು ಸಾರ್" ಅಂದರಂತೆ ಟೈಟಾನಿಕ್‌ನ ಅಧಿಕಾರಿ ಲೋ 😄

ಸುಮತಿ_ಟೀಚರ್: ನಗಬೇಡಿ. ಕಾರ್ಪೇಥಿಯಾ ನ್ಯೂಯಾರ್ಕ್ ಮುಟ್ಟಿದ ಮಾರನೇ ದಿನವೇ, ಏಪ್ರಿಲ್ 19ಕ್ಕೆ, ವಿಚಾರಣೆ ಶುರು ಮಾಡಿದವರು ಅವರು. ಸಿಬ್ಬಂದಿ ಇಂಗ್ಲೆಂಡಿಗೆ ಜಾರಿಕೊಳ್ಳುವ ಮೊದಲೇ ಹಿಡಿದು ನಿಲ್ಲಿಸಿದರು. ರಾಕೆಟ್ ಕಂಡೆ ಎಂದು ಕ್ಯಾಲಿಫೋರ್ನಿಯನ್‌ನ ಅರ್ನೆಸ್ಟ್ ಗಿಲ್ ಸಾಕ್ಷಿ ಹೇಳಿದ್ದೂ ಅವರ ಮುಂದೆಯೇ.

ಎಂಜಿನ್_ರೂಮ್: ಗಿಲ್ ಆ ಕಥೆಯನ್ನು ಪತ್ರಿಕೆಗೆ 500 ಡಾಲರಿಗೆ ಮಾರಿದ್ದ. ಅದನ್ನೂ ಹೇಳಿ.

ಸುಮತಿ_ಟೀಚರ್: ದುಡ್ಡು ತಗೊಂಡ ಮಾತ್ರಕ್ಕೆ ರಾಕೆಟ್ ಸುಳ್ಳಾಗುತ್ತಾ? ಸ್ಟೋನ್, ಗಿಬ್ಸನ್ ಕೂಡ ಅದನ್ನೇ ಹೇಳಿದರಲ್ಲ.

ಹಳೇ_ನಕ್ಷೆ: 1985ರಲ್ಲಿ ಮುಳುಗಿದ ಟೈಟಾನಿಕ್ ಸಿಕ್ಕಾಗ ಅದು ಎಸ್‌ಒಎಸ್‌ನಲ್ಲಿ ಕೊಟ್ಟ ಜಾಗದಿಂದ ಸುಮಾರು 13 ಮೈಲಿ ಆಚೆ ಇತ್ತು. ಅದಕ್ಕೇ ಬ್ರಿಟನ್ ಮತ್ತೆ ಪರಿಶೀಲಿಸಿತು. 1992ರ ವರದಿಯಲ್ಲಿ ಅವರಲ್ಲೇ ಒಮ್ಮತವಿಲ್ಲ. ಎರಡು ಹಡಗುಗಳ ನಡುವಿನ ದೂರ ಐದರಿಂದ ಏಳು ಮೈಲಿ ಅಂತ ಒಬ್ಬರು, 17ರಿಂದ 20 ಅಂತ ಇನ್ನೊಬ್ಬರು. ಎರಡನೆಯವರ ಲೆಕ್ಕದಲ್ಲಿ ಲಾರ್ಡ್ ಹೊರಟಿದ್ದರೂ ಮುಳುಗುವ ಮೊದಲು ಮುಟ್ಟುತ್ತಿರಲಿಲ್ಲ.

ಕೋರ್ಟುಕಟ್ಟೆ: ಅದೇ ನಾನು ಹೇಳಿದ್ದು!

ಹಳೇ_ನಕ್ಷೆ: ಪೂರ್ತಿ ಓದಿ ಸ್ವಾಮಿ. ರಾಕೆಟ್ ಕಂಡಾಗ ಮಾಡಬೇಕಾದ್ದನ್ನು ಮಾಡಲಿಲ್ಲ ಎಂದೂ ಅದೇ ವರದಿಯಲ್ಲಿದೆ.

ಗೋಡಂಬಿ: ಬದುಕಿದವರ ಲೆಕ್ಕ ಆಯ್ತು, ಸತ್ತವರದ್ದು? ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಹೋದ ಮ್ಯಾಕೆ-ಬೆನೆಟ್ ಎಂಬ ಕೇಬಲ್ ಹಡಗು 306 ಹೆಣ ಎತ್ತಿತು. 116 ಹೆಣಗಳನ್ನು ಮತ್ತೆ ಸಮುದ್ರಕ್ಕೇ ಬಿಟ್ಟರು. ಮೊದಲ ದರ್ಜೆಯವರಿಗೆ ಶವಪೆಟ್ಟಿಗೆ, ಎರಡು-ಮೂರನೇ ದರ್ಜೆಗೆ ಕ್ಯಾನ್ವಾಸ್ ಚೀಲ. ಹೆಣವಾದ ಮೇಲೂ ಟಿಕೆಟ್ ನೋಡಿದರು. ಆ ಹಡಗಿನವರೇ ಸೇರಿ ಗುರುತು ಸಿಗದ ಒಂದು ಮಗುವನ್ನು ಮಣ್ಣು ಮಾಡಿ ಕಲ್ಲು ನೆಟ್ಟರು. ಮಗುವಿನ ಹೆಸರು ಸಿಡ್ನಿ ಗುಡ್ವಿನ್ ಎಂದು ಡಿಎನ್‌ಎಯಿಂದ ಗೊತ್ತಾಗಿದ್ದು 2007ರಲ್ಲಿ.

ಎಂಜಿನ್_ರೂಮ್: ಹಡಗು ಮುಳುಗಿದ ಕ್ಷಣಕ್ಕೆ ಸಿಬ್ಬಂದಿಯ ಸಂಬಳವೂ ನಿಂತಿತು. ದೋಣಿಯಲ್ಲಿ ಹುಟ್ಟು ಹಾಕಿದ್ದು ಪುಕ್ಕಟೆ ದುಡಿಮೆ.

ಬಂದರು_ಹುಡುಗ: ವಿಷಯ ಎಲ್ಲೆಲ್ಲೋ ಹೋಯ್ತು, ಇರಲಿ. ಲಾರ್ಡ್ ಒಬ್ಬನ ಮೇಲೆ ಹೊರಿಸಿದ್ದು ಅನ್ಯಾಯ ಎಂದು ಈಗಲೂ ಹೇಳುತ್ತೇನೆ. ದೋಣಿ ಇಲ್ಲದ್ದು ಅವನಿಂದಲ್ಲ, ಮಂಜುಗಡ್ಡೆಯ ಸುದ್ದಿ ಇದ್ದೂ ಟೈಟಾನಿಕ್ ವೇಗ ತಗ್ಗಿಸದ್ದು ಅವನಿಂದಲ್ಲ.

ಸುಮತಿ_ಟೀಚರ್: ಹಾಗಾದರೆ ಇದೊಂದು ಹೇಳಿ ತಮ್ಮಾ. ಕ್ಯಾಲಿಫೋರ್ನಿಯನ್‌ನ ಲಾಗ್ ಪುಸ್ತಕದಲ್ಲಿ ಆ ರಾತ್ರಿಯ ರಾಕೆಟ್ ಬಗ್ಗೆ ಒಂದು ಸಾಲೂ ಇಲ್ಲ. ತಪ್ಪಿಲ್ಲದವರು ಯಾಕೆ ಬರೆಯಲಿಲ್ಲ?

ಬಂದರು_ಹುಡುಗ: ಅಲ್ಲಿ ಸಿಕ್ಕಿಬಿದ್ದೆ ಮೇಡಂ. ಅದಕ್ಕೆ ಉತ್ತರ ಇಲ್ಲ.