ಬಾಯ್ಲರ್ ಪ್ರೆಷರ್ ದಿನಾ ಇಳೀತಿದೆ, ಹೊಸದು ತಗೊಳ್ಳೋದೇ ದಾರೀನಾ? 35 ಕಿಲೋವ್ಯಾಟ್ ಬೇಕಾ?

ಬೆಚ್ಚನೆಗೂಡು:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ. ನಮ್ದು ಗ್ಯಾಸ್ ಕಾಂಬಿ ಬಾಯ್ಲರ್ (ರೂಮ್ ಬಿಸಿ ಮಾಡೋದು, ನಲ್ಲಿಗೆ ಬಿಸಿನೀರು ಕೊಡೋದು ಎರಡೂ ಇದೇ), ಹೊಗೆಯ ಹಬೆಯಿಂದಲೂ ಶಾಖ ಹಿಡಿಯೋ ಕಂಡೆನ್ಸಿಂಗ್ ಮಾಡೆಲ್ಲೇ, 13 ವರ್ಷ ಹಳೇದು, ಮನೆ ಜೊತೆ ಬಂದಿದ್ದು. 9 ರೇಡಿಯೇಟರ್, ಒಂದೇ ಬಾತ್‌ರೂಮ್. ಹೋದ ತಿಂಗಳಿಂದ ಬೆಳಿಗ್ಗೆ ಎದ್ದು ನೋಡಿದ್ರೆ ಪ್ರೆಷರ್ ಗೇಜಲ್ಲಿ ಮುಳ್ಳು 0.4 ಬಾರ್‌ಗೆ ಬಿದ್ದಿರುತ್ತೆ, ಬಾಯ್ಲರ್ ಲಾಕ್ ಆಗಿರುತ್ತೆ. ಕೆಳಗಿರೋ ಫಿಲ್ಲಿಂಗ್ ವಾಲ್ವ್ ತಿರುಗಿಸಿ 1.2ಕ್ಕೆ ತಂದು ಆನ್ ಮಾಡ್ತೀನಿ, ಹೀಟಿಂಗ್ ಶುರುವಾಗಿ ಅರ್ಧ ಗಂಟೇಲಿ ಅದೇ ಮುಳ್ಳು 3ರ ಹತ್ರ ಹೋಗುತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಮೊದ್ಲು ನಾಕು ದಿನಕ್ಕೊಂದ್ಸಲ ತುಂಬಿಸ್ತಿದ್ದೆ, ಈಗ ದಿನಾ. ಟಿಶ್ಯೂ ಪೇಪರ್ ಹಿಡ್ಕೊಂಡು ಪ್ರತಿ ರೇಡಿಯೇಟರ್ ವಾಲ್ವ್, ಪ್ರತಿ ಜಾಯಿಂಟ್ ಒರೆಸಿ ನೋಡಿದೆ, ಎಲ್ಲೂ ಒಂದು ಹನಿ ಇಲ್ಲ. ಹಾಲಲ್ಲಿರೋ ರೇಡಿಯೇಟರ್ ಮೇಲ್ಗಡೆ ಸುಡುತ್ತೆ, ಕೆಳಗಡೆ ತಣ್ಣಗೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯೋ ಇಲ್ವೋ ಗೊತ್ತಿಲ್ಲ. ಟೆಕ್ನೀಷಿಯನ್ ಒಬ್ರು ಬಂದ್ರು, ಕವರ್ ಕೂಡ ಬಿಚ್ಚಲಿಲ್ಲ, ಹತ್ತೇ ನಿಮಿಷ, "ಹಳೇದಾಗಿದೆ, ತೆಗೆದು 35 ಕಿಲೋವ್ಯಾಟಿನದ್ದು ಹಾಕ್ಸಿ" ಅಂದು ಹೋದ್ರು. ಹಾಕಿಸೋದಾ?

ಸ್ಪ್ಯಾನರ್‌ಸ್ವಾಮಿ:
ನೆಗಡಿ ಬಂತು ಅಂತ ಮೂಗೇ ಕೊಯ್ಕೊಂಡ ಹಾಗಾಯ್ತು ಇದು. ತಣ್ಣಗಿದ್ದಾಗ 1.2, ಬಿಸಿಯಾದಾಗ 3, ಬೆಳಿಗ್ಗೆ 0.4 ಅಂದ್ರಲ್ಲ, ಅಲ್ಲೇ ಉತ್ತರ ಇದೆ. ನೂರು ಲೀಟರ್ ನೀರು 10 ಡಿಗ್ರಿಯಿಂದ 80ಕ್ಕೆ ಕಾದ್ರೆ ಹತ್ರ ಹತ್ರ 3 ಲೀಟರ್ ಉಬ್ಬುತ್ತೆ. ಆ ಉಬ್ಬಿದ ನೀರಿಗೆ ಜಾಗ ಕೊಡೋಕೆ ಬಾಯ್ಲರ್ ಒಳಗೆ ಎಕ್ಸ್‌ಪಾನ್ಷನ್ ವೆಸೆಲ್ ಅಂತ ಒಂದು ಡಬ್ಬಿ ಇರುತ್ತೆ, ಸಾಮಾನ್ಯವಾಗಿ ಕೆಂಪು ಬಣ್ಣ, ಮಧ್ಯೆ ರಬ್ಬರ್ ಪರದೆ, ಒಂದು ಕಡೆ ಗಾಳಿ ಒಂದು ಕಡೆ ನೀರು. ಗಾಳಿ ಹೋಗಿಬಿಟ್ರೆ ಅಥವಾ ಪರದೆ ಹರಿದ್ರೆ ನೀರಿಗೆ ಜಾಗ ಇಲ್ಲ, ಪ್ರೆಷರ್ 3 ಬಾರ್ ಮುಟ್ಟಿದ ತಕ್ಷಣ ಸೇಫ್ಟಿ ವಾಲ್ವ್ ಬಿಚ್ಕೊಂಡು ಹೊರಗೋಡೆ ಪೈಪಿಂದ ನೀರು ಚೆಲ್ಲುತ್ತೆ. ತಣ್ಣಗಾದ ಮೇಲೆ ಚೆಲ್ಲಿದಷ್ಟು ನೀರು ಕಮ್ಮಿ ಇರುತ್ತಲ್ಲ, ಅದೇ ನಿಮ್ಮ 0.4. ಲೀಕ್ ಮನೆ ಒಳಗಿಲ್ಲ ಸ್ವಾಮಿ, ಹೊರಗಿದೆ, ಅದಕ್ಕೇ ಟಿಶ್ಯೂ ಒದ್ದೆ ಆಗ್ಲಿಲ್ಲ.

ಒಂದು ಪ್ಲಾಸ್ಟಿಕ್ ಚೀಲ ತಗೊಂಡು ಆ ಹೊರಗಿನ ತಾಮ್ರದ ಪೈಪಿನ ತುದಿಗೆ ಸಡಿಲವಾಗಿ ಕಟ್ಟಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರಿದ್ರೆ ನಾನ್ ಹೇಳಿದ್ದು ಸರಿ. ಆಮೇಲೆ ಕವರ್ ಬಿಚ್ಚೋಕೆ ಲೈಸೆನ್ಸ್ ಇರೋ ಬೇರೆ ಟೆಕ್ನೀಷಿಯನ್ನ ಕರೀರಿ, ನೀವೇ ಕೈ ಹಾಕ್ಬೇಡಿ, ಗ್ಯಾಸ್ ವಿಷಯ. ಅವ್ರು ವೆಸೆಲ್ಲಿನ ವಾಲ್ವ್ ಪಿನ್ ಒತ್ತಿ ನೋಡ್ತಾರೆ, ಸೈಕಲ್ ಟ್ಯೂಬಿಗೆ ಇರುತ್ತಲ್ಲ ಅಂಥದ್ದೇ ವಾಲ್ವು. ನೀರು ಬಂದ್ರೆ ಪರದೆ ಹರಿದಿದೆ, ವೆಸೆಲ್ ಬದಲಾಯಿಸ್ಬೇಕು. ಬರೀ ಗಾಳಿ ಕಮ್ಮಿ ಇದ್ರೆ ಸಿಸ್ಟಮ್ ಪ್ರೆಷರ್ ಪೂರ್ತಿ ಸೊನ್ನೆಗೆ ಇಳಿಸಿ ಗಾಳಿ ತುಂಬಿದ್ರೆ ಆಯ್ತು, ಎಷ್ಟು ಅಂತ ಮ್ಯಾನ್ಯುಯಲ್ಲಲ್ಲಿ ಇರುತ್ತೆ.

ಇನ್ನು ಹಾಲಿನ ರೇಡಿಯೇಟರ್. ಮೇಲೆ ತಣ್ಣಗಿದ್ರೆ ಗಾಳಿ, ಕೆಳಗೆ ತಣ್ಣಗಿದ್ರೆ ಕೆಸರು. ದಿನಾ ಹೊಸ ನೀರು ತುಂಬ್ತಿದ್ದೀರಲ್ಲ, ಪ್ರತಿ ಸಲಾನೂ ಅದ್ರ ಜೊತೆ ಆಕ್ಸಿಜನ್ ಒಳಗೆ ಹೋಗಿ ಕಬ್ಬಿಣ ತುಕ್ಕು ಹಿಡಿಯುತ್ತೆ, ಆ ಕಪ್ಪು ಪುಡಿ ತಳದಲ್ಲಿ ಕೂರುತ್ತೆ. ಸಂಬಂಧ ಇದೆ ಅಂತಾನೇ ನನ್ನ ಲೆಕ್ಕ.

ಮೂರನೇಚಳಿ:
ಸ್ವಾಮಿಗಳೇ, 13 ವರ್ಷದ ಗಾಡಿಗೆ ಒಂದೊಂದೇ ಪಾರ್ಟ್ ಹಾಕ್ತಾ ಕೂತ್ರೆ ಆಮೇಲೆ ಫ್ಯಾನು, ಪಂಪು, ಸರ್ಕ್ಯೂಟ್ ಬೋರ್ಡು ಅಂತ ಸಾಲು ಹಿಡಿಯುತ್ತೆ, ನನ್ಗೂ ಅನುಭವ ಆಗಿದೆ. ಆದ್ರೆ ಹಾಕಿಸೋದೇ ಆದ್ರೂ 35 ಬೇಡ, ಇದನ್ನ ಕೈ ಸುಟ್ಕೊಂಡು ಹೇಳ್ತಿದ್ದೀನಿ. ನಾನೂ ಯಾರೋ ಹೇಳಿದ್ರು ಅಂತ ದೊಡ್ದು ಹಾಕಿಸ್ದೆ, ಆಮೇಲೆ ಹೀಟ್ ಲಾಸ್, ಅಂದ್ರೆ ಮನೆಯಿಂದ ಎಷ್ಟು ಶಾಖ ಹೊರಗೆ ಸೋರುತ್ತೆ ಅಂತ ಲೆಕ್ಕ ಹಾಕಿಸಿದ್ರೆ ಕೊರೆಯೋ ಚಳೀಲೂ ನಮ್ಮನೆಗೆ ಬೇಕಾಗಿದ್ದು 7 ಕಿಲೋವ್ಯಾಟ್! ಸ್ವಲ್ಪ ಬೆಚ್ಚಗಿನ ದಿನ ಅದು ಮೂರು ನಿಮಿಷ ಉರಿಯೋದು, ಆರೋದು, ಮತ್ತೆ ಉರಿಯೋದು, ರಾತ್ರಿ ಎಲ್ಲಾ ಟಕ್ ಅಂತ ಸದ್ದು. ಹಂಗಾಗಿ ಅಂಗಡಿಯವ್ರನ್ನ ಗರಿಷ್ಠ ಎಷ್ಟು ಅಂತ ಕೇಳೋಕಿಂತ ಕನಿಷ್ಠ ಎಷ್ಟಕ್ಕೆ ಇಳಿಯುತ್ತೆ ಅಂತ ಕೇಳಿ, 24ರದ್ದು 1:10 ಮಾಡ್ಯುಲೇಷನ್ (ಉರಿಯನ್ನ ಹತ್ತರಲ್ಲೊಂದು ಭಾಗಕ್ಕೆ ತಗ್ಗಿಸೋದು) ಇದ್ರೆ 2.4ರ ತನಕ ಇಳಿಯುತ್ತೆ.

ಕಾಂಬೀಲಿ ದೊಡ್ಡ ನಂಬರ್ ಬೇಕಾಗೋದು ಬಿಸಿನೀರಿಗೆ ಮಾತ್ರ. 24 ಕಿಲೋವ್ಯಾಟಲ್ಲಿ ನಲ್ಲಿ ನೀರನ್ನ 35 ಡಿಗ್ರಿ ಏರಿಸಿದ್ರೆ ನಿಮಿಷಕ್ಕೆ 10 ಲೀಟರ್ ಹತ್ರ ಬರುತ್ತೆ, 35ರಲ್ಲಿ 14. ಈಗ ಬಕೆಟ್ ಇಟ್ಟು ಗಡಿಯಾರ ನೋಡ್ಕೊಂಡು ನಿಮ್ಮ ತಣ್ಣೀರು ನಲ್ಲಿ ಅಳೀರಿ. ಅದೇ ನಿಮಿಷಕ್ಕೆ 10 ಲೀಟರ್ ಬಿಡ್ತಿದ್ರೆ 35 ಹಾಕಿ ಏನ್ ಸುಖ, ಪೈಪಲ್ಲಿ ಇಲ್ಲದ ನೀರು ಬಾಯ್ಲರಿಂದ ಬರುತ್ತಾ? ಎರಡು ಶವರ್ ಒಟ್ಟಿಗೆ ಓಡೋ ಮನೆ ಆದ್ರೆ ಬಿಸಿನೀರು ತುಂಬಿಡೋ ಟ್ಯಾಂಕು (ಸಿಲಿಂಡರ್) ಇಟ್ಟು ಅದನ್ನ ಕಾಯಿಸೋ ಸಿಸ್ಟಮ್ ಬಾಯ್ಲರ್ ಹಾಕ್ಸೋದು ವಾಸಿ, ನಿಮ್ದು ಒಂದೇ ಬಾತ್‌ರೂಮ್, ಆ ಚಿಂತೆ ಇಲ್ಲ.

ಹಬೆಪೆಟ್ಟಿಗೆ:
ಹಳೇದಿರ್ಲಿ ಹೊಸದಿರ್ಲಿ, ರೇಡಿಯೇಟರಿಗೆ ಹೋಗೋ ನೀರಿನ ಟೆಂಪರೇಚರ್ ಎಷ್ಟಕ್ಕಿಟ್ಟಿದ್ದೀರಿ? ಸುಮಾರು ಜನ 75-80ಕ್ಕೆ ಇಟ್ಟು ಮರೆತುಬಿಟ್ಟಿರ್ತಾರೆ. ಒಂದು ಘನ ಮೀಟರ್ ಗ್ಯಾಸ್ ಉರಿದ್ರೆ ಒಂದೂವರೆ ಲೀಟರಿಗೂ ಮೇಲೆ ನೀರು ಹಬೆಯಾಗಿ ಹೊಗೆ ಜೊತೆ ಹೋಗುತ್ತೆ, ಆ ಹಬೆ ಒಳಗೇ ತಣ್ಣಗಾಗಿ ನೀರಾದ್ರೆ ತಾನೇ ಅದ್ರ ಶಾಖ ನಮಗೆ ಸಿಗೋದು. ಅದಾಗ್ಬೇಕು ಅಂದ್ರೆ ರೇಡಿಯೇಟರಿಂದ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರ್ಬೇಕು, ಇಲ್ದಿದ್ರೆ ಕಂಡೆನ್ಸಿಂಗ್ ಅನ್ನೋದು ಬರೀ ಸ್ಟಿಕ್ಕರ್. 60ಕ್ಕೆ ಇಳಿಸಿ ಎರಡು ದಿನ ನೋಡಿ, ಸಾಕಾದ್ರೆ 55. ರೇಡಿಯೇಟರ್ ಕೈ ಸುಡಲ್ಲ, ರೂಮ್ ನಿಧಾನವಾಗಿ ಬಿಸಿಯಾಗುತ್ತೆ, ಗಾಬರಿ ಆಗ್ಬೇಡಿ. ಸಿಲಿಂಡರ್ ಇರೋರು ಮಾತ್ರ ಅದ್ರೊಳಗಿನ ನೀರನ್ನ 60ಕ್ಕಿಂತ ಕೆಳಗಿಡ್ಬಾರ್ದು, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ.

ಅಂದಹಾಗೆ ಹಬೆ ತಣ್ಣಗಾಗಿ ಆದ ಆ ಕಂಡೆನ್ಸೇಟ್ ನೀರಿನ ಪ್ಲಾಸ್ಟಿಕ್ ಪೈಪ್ ಹೊರಗಡೆ ಹಾದು ಹೋಗಿದ್ರೆ ಉಣ್ಣೆ ಸುತ್ತಿದ ಹಾಗೆ ಇನ್ಸುಲೇಷನ್ ಸುತ್ತಿ. ಹಿಮ ಬಿದ್ದ ರಾತ್ರಿ ಅದು ಹೆಪ್ಪುಗಟ್ಟಿ ಬಾಯ್ಲರ್ ಗೊಳಗೊಳ ಅಂದು ನಿಂತ್ಹೋಗುತ್ತೆ. ಆಗ ಬಿಸಿನೀರು ಹಾಕಿ ಕರಗಿಸಿ, ಕುದಿಯೋ ನೀರು ಬೇಡ, ಪೈಪ್ ಬಿರುಕು ಬಿಡುತ್ತೆ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇದ್ಯಾ? ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲಾ ಬಿಟ್ಟು ಮೊದ್ಲು ಅದು ತನ್ನಿ. ಆ ಗ್ಯಾಸಿಗೆ ವಾಸನೆ ಇಲ್ಲ, ತಲೆನೋವು ಬಂದ್ರೆ ನಿದ್ದೆ ಸಾಲ್ದು ಅಂದ್ಕೊಂಡು ಮಲಗಿಬಿಡ್ತೀವಿ.

ಬೆಚ್ಚನೆಗೂಡು:
ಎರಡು ವಾರ ಆದ್ಮೇಲೆ ಬರೀತಿದ್ದೀನಿ. ಚೀಲ ಕಟ್ಟಿದ್ದೆ, ಬೆಳಿಗ್ಗೆ ಎರಡು ಲೋಟದಷ್ಟು ನೀರು! ಬೇರೆ ಟೆಕ್ನೀಷಿಯನ್ ಬಂದು ಪಿನ್ ಒತ್ತಿದ್ರು, ಪಿಚಕ್ ಅಂತ ಕಂದು ನೀರು ಅವ್ರ ಅಂಗಿ ಮೇಲೆ. ಒಳಗಿನ ವೆಸೆಲ್ ತೆಗೀಬೇಕಂದ್ರೆ ಇಡೀ ಬಾಯ್ಲರನ್ನೇ ಗೋಡೆಯಿಂದ ಇಳಿಸ್ಬೇಕಂತೆ, ಅದಕ್ಕೆ ನೀರು ವಾಪಸ್ ಬರೋ ರಿಟರ್ನ್ ಪೈಪಿಗೇ ಹೊರಗಡೆ ಒಂದು ಹೊಸ ವೆಸೆಲ್ ಕೂರಿಸಿದ್ರು, ಸೇಫ್ಟಿ ವಾಲ್ವೂ ಬದಲಾಯಿಸಿದ್ರು. ಹಾಲಿನ ರೇಡಿಯೇಟರ್ ಬಿಚ್ಚಿ ಹಿತ್ತಿಲಲ್ಲಿ ತೊಳೆದಾಗ ಥೇಟ್ ಶಾಯಿ ಥರ ಕಪ್ಪು ನೀರು ಬಂತು. ಆ ಕಪ್ಪು ಪುಡಿ ಹಿಡಿಯೋಕೆ ಮ್ಯಾಗ್ನೆಟಿಕ್ ಫಿಲ್ಟರ್ ಒಂದು ಹಾಕಿದ್ದಾರೆ. ಮುಳ್ಳು ಒಂಬತ್ತು ದಿನದಿಂದ ತಣ್ಣಗಿದ್ದಾಗ 1.3, ಬಿಸಿಯಾದಾಗ 1.7, ಅಲ್ಲಾಡಿಲ್ಲ. ಬಕೆಟ್ ಲೆಕ್ಕಾನೂ ಮಾಡ್ದೆ, ನಮ್ಮ ನಲ್ಲಿ ನಿಮಿಷಕ್ಕೆ 11 ಲೀಟರ್ ಅಷ್ಟೇ ಬಿಡೋದು 😀 ಟೆಂಪರೇಚರ್ 58ಕ್ಕಿಟ್ಟಿದ್ದೀನಿ, ಅಮ್ಮ ಮಾತ್ರ ರೇಡಿಯೇಟರ್ ಮುಟ್ಟಿ ಮುಟ್ಟಿ "ಕೆಟ್ಟಿದ್ಯಾ" ಅಂತಿದ್ದಾರೆ. ತುಕ್ಕು ತಡೆಯೋ ದ್ರವ, ಇನ್‌ಹಿಬಿಟರ್ ಅಂತಾರಲ್ಲ, ಅದನ್ನ ಹಾಕ್ಬೇಕಾ ಈಗ?

ಸ್ಪ್ಯಾನರ್‌ಸ್ವಾಮಿ:
ಹಾಕ್ಲೇಬೇಕು, ನೀರು ಖಾಲಿ ಮಾಡಿ ತುಂಬಿದ್ದೀರಲ್ಲ, ಹಳೇದಿದ್ರೂ ಹೊರಟುಹೋಗಿರುತ್ತೆ. ಅವ್ರು ಹಾಕಿದ್ದಾರಾ ಕೇಳಿ, ಇಲ್ಲಾಂದ್ರೆ ಫಿಲ್ಟರ್ ಕಡೆಯಿಂದಾನೇ ಹಾಕ್ಬೋದು. ವರ್ಷಕ್ಕೊಂದ್ಸಲ ಸರ್ವಿಸ್ ಮಾಡ್ಸುವಾಗ ಆ ಫಿಲ್ಟರ್ ಕ್ಲೀನ್ ಮಾಡ್ಸಿ, ವೆಸೆಲ್ ಗಾಳೀನೂ ನೋಡಿಸಿ, ಕೇಳದಿದ್ರೆ ಎಷ್ಟೋ ಜನ ನೋಡಲ್ಲ. ಆ ಪೈಪಿಗೆ ಕಟ್ಟಿದ ಚೀಲ ಬಿಚ್ಚಿದ್ರಾ?

ಬೆಚ್ಚನೆಗೂಡು:
ಅಯ್ಯೋ. ಚಪ್ಪಲಿ ಹಾಕ್ಕೊಂಡು ಹೊರಟೆ.